ಫುಟ್‌ಬಾಲ್ ಪುಂಡಾಟಕ್ಕೆ ಬೇಲಿಯೇ ಮದ್ದೇ?

ಪ್ರಶ್ನೆ:
ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಮೊದಲ ಬಾರಿಗೆ ಬೆಂಗಳೂರಿನಲ್ಲಿ ಒಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಪಂದ್ಯ ನೋಡಲು ಹೋಗಿದ್ದೆ. ಗೇಟಿನಲ್ಲಿ ಅವನ ನೀರಿನ ಬಾಟಲಿಯನ್ನು ತೆಗೆದಿರಿಸಿಕೊಂಡರು. ನನ್ನ ಜೇಬಿನಲ್ಲಿದ್ದ ಚಿಲ್ಲರೆಯನ್ನೂ ಒಂದು ಡಬ್ಬಕ್ಕೆ ಹಾಕಿಸಿದರು. “ಒಂದು ರೂಪಾಯಿ ನಾಣ್ಯದಿಂದ ಯಾರು ಏನು ಮಾಡುತ್ತಾರಪ್ಪ?” ಎಂದು ಮಗ ಕೇಳಿದ್ದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಎಂಬತ್ತರ ದಶಕದಲ್ಲಿ ಪುಂಡಾಟಕ್ಕೆ ಹೆಸರಾಗಿದ್ದ ಇಂಗ್ಲೆಂಡಿನಲ್ಲಿ ಇಂದು ಜನ ಮಕ್ಕಳೊಡನೆ ಬಂದು, ಮೈದಾನದ ಅಂಚಿನಲ್ಲಿ ಬೇಲಿಯೂ ಇಲ್ಲದೆ ಪಂದ್ಯ ನೋಡುತ್ತಾರೆ. ಅಲ್ಲಿ ಅದನ್ನು ಹತೋಟಿಗೆ ತಂದದ್ದು ಹೇಗೆ? ಪೊಲೀಸರ ಬಿಗಿಯಿಂದಲೇ, ಅಥವಾ ಬೇರೆ ಕಾರಣವಿದೆಯೇ?

ಮೊದಲ ಉತ್ತರ:
ಬಿಗಿಯಿಂದ ಮಾತ್ರವಲ್ಲ, ಬಿಗಿಯೇ ಒಮ್ಮೆ ಜೀವ ತೆಗೆದಿತ್ತು. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವಿನ ಯುರೋಪಿಯನ್ ಕಪ್ ಫೈನಲ್ ಆರಂಭವಾಗುವ ಮೊದಲೇ ಲಿವರ್‌ಪೂಲ್ ಬೆಂಬಲಿಗರು ತೆಳುವಾದ ತಂತಿಬೇಲಿಯನ್ನು ಕೆಡವಿ ಪಕ್ಕದ ಭಾಗಕ್ಕೆ ನುಗ್ಗಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಇಟಲಿಯವರು. ಅವರು ಹಿಂದೆ ಸರಿಯುತ್ತ ಗೋಡೆಗೆ ಒತ್ತಿಕೊಂಡರು, ಹಳೆಯ ಗೋಡೆ ಕುಸಿಯಿತು, 39 ಮಂದಿ ಸತ್ತರು. ಪಂದ್ಯವನ್ನು ಆಮೇಲೂ ಆಡಿಸಿದರು ಎಂಬುದು ನನಗೆ ಇಂದಿಗೂ ಜೀರ್ಣವಾಗದ ಸಂಗತಿ. ಇಂಗ್ಲಿಷ್ ಕ್ಲಬ್ಬುಗಳನ್ನು ಐದು ವರ್ಷ, ಲಿವರ್‌ಪೂಲನ್ನು ಆರು ವರ್ಷ ಯುರೋಪಿನ ಸ್ಪರ್ಧೆಗಳಿಂದ ಹೊರಗಿಟ್ಟರು.

ಇದು ನಿಜವಾದ ಪುಂಡಾಟ. ಆದರೆ ಅಭಿಮಾನಿಗಳೆಲ್ಲ ಪುಂಡರೇ ಎಂಬ ಎಣಿಕೆಯಿಂದ ಗ್ಯಾಲರಿಗಳನ್ನು ಉಕ್ಕಿನ ಬೇಲಿಯ ದೊಡ್ಡಿಗಳನ್ನಾಗಿ ಮಾಡಿದ್ದರ ಫಲ 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಕಂಡಿತು. ಹೊರಗೆ ನೂಕುನುಗ್ಗಲು ಹೆಚ್ಚಿದಾಗ ಪೊಲೀಸರು ಒಂದು ದೊಡ್ಡ ಗೇಟನ್ನು ತೆರೆಸಿದರು; ಒಳಬಂದವರು ಆಗಲೇ ಕಿಕ್ಕಿರಿದಿದ್ದ ಎರಡು ದೊಡ್ಡಿಗಳಿಗೇ ಹರಿದರು; ಮುಂದಿನ ಬೇಲಿಗೆ ಒತ್ತಿಕೊಂಡು ಉಸಿರು ಕಟ್ಟಿದವರನ್ನು ಮೇಲಿನ ಅಟ್ಟದವರು ಕೈಹಿಡಿದು ಎಳೆದುಕೊಂಡರು. ಸತ್ತವರ ಸಂಖ್ಯೆ ಈಗ 97. ಅಭಿಮಾನಿಗಳೇ ಗೇಟು ಮುರಿದರೆಂದು ಪೊಲೀಸ್ ಅಧಿಕಾರಿ ಹೇಳಿದ್ದ ಸುಳ್ಳಿನ ಕಳಂಕ ತೊಡೆದುಹೋಗಲು 2016ರ ವಿಚಾರಣೆಯ ತೀರ್ಪೇ ಬರಬೇಕಾಯಿತು.

ಹಿಲ್ಸ್‌ಬರೋ ದುರಂತದ ತನಿಖೆ ನಡೆಸಿದ ಟೇಲರ್ ಅವರ 1990ರ ವರದಿಯ ನಂತರ ಇಂಗ್ಲಿಷ್ ಲೀಗಿನ ಮೇಲಿನ ಎರಡು ದರ್ಜೆಗಳ ಕ್ರೀಡಾಂಗಣಗಳಲ್ಲಿ ಪ್ರತಿಯೊಬ್ಬರಿಗೂ ಸೀಟು ಬಂತು, ಬೇಲಿ ಹೋಯಿತು. ಸೀಟಿಗೆ ಸಂಖ್ಯೆ ಇದ್ದು ಮೇಲೆ ಸಿಸಿಟಿವಿ ಇದ್ದರೆ ತಪ್ಪು ಮಾಡಿದವನನ್ನೇ ಹಿಡಿಯಬಹುದು, ಇಡೀ ಗ್ಯಾಲರಿಯನ್ನು ಕೂಡಿಹಾಕಬೇಕಿಲ್ಲ. ಅಂಥವನಿಗೆ ನ್ಯಾಯಾಲಯ ನಿಷೇಧದ ಆದೇಶ ಹೊರಡಿಸಿದರೆ ಅವನು ಪಂದ್ಯಕ್ಕೆ ಹೋಗುವಂತಿಲ್ಲ; ತಂಡ ವಿದೇಶದಲ್ಲಿ ಆಡುವಾಗ ಪಾಸ್‌ಪೋರ್ಟ್ ಒಪ್ಪಿಸಬೇಕು. ಟಿಕೆಟಿನ ಬೆಲೆ ಏರಿ ಬಡ ಹುಡುಗರು ಹೊರಗುಳಿದದ್ದೂ ಇದರ ಜೊತೆಗೇ ಆದ ಬದಲಾವಣೆ. ಅದನ್ನು ಸುಧಾರಣೆ ಎನ್ನಲು ನನಗೆ ಮನಸ್ಸಿಲ್ಲ.

ಎರಡನೆಯ ಉತ್ತರ:
ಮೇಲಿನವರ ಮಾತಿಗೆ ಒಂದು ತಕರಾರಿದೆ. ಬ್ಯಾಂಕಿನ ಕೆಲಸದ ಮೇಲೆ ಕೋಲ್ಕತ್ತದಲ್ಲಿ ಆರು ವರ್ಷ ಇದ್ದವನು ನಾನು. ಈಸ್ಟ್ ಬೆಂಗಾಲ್ ಗೆದ್ದ ಸಂಜೆ ಇಲಿಶ್ ಮೀನಿಗೂ ಮೋಹನ್ ಬಗಾನ್ ಗೆದ್ದರೆ ಸಿಗಡಿಗೂ ಬೇಡಿಕೆ ಏರುವ ಊರದು. ಅಲ್ಲಿ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ಕ್ಲಬ್ಬುಗಳ ಪಂದ್ಯದ ವೇಳೆ 16 ಅಭಿಮಾನಿಗಳು ಸತ್ತದ್ದಕ್ಕೆ ಬೇಲಿ ಕಾರಣವಲ್ಲ, ಎರಡೂ ಕಡೆಯವರನ್ನು ಒಂದೇ ಗ್ಯಾಲರಿಯಲ್ಲಿ ಬೆರೆಸಿ ಕೂರಿಸಿದ್ದೂ ಒಂದು ಕಾರಣ. ಮೈದಾನದಲ್ಲಿ ಆಟಗಾರರು ಕೈಕೈ ಮಿಲಾಯಿಸಿದ್ದು ಗ್ಯಾಲರಿಗೆ ಹಬ್ಬಿತು. ಆ ದಿನವನ್ನು ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಅಲ್ಲಿ ಇಂದಿಗೂ ನೆನೆಯುತ್ತಾರೆ. ಆದ್ದರಿಂದ ಎರಡು ಪಾಳೆಯಗಳನ್ನು ಬೇರೆ ಕೂರಿಸುವುದು ಬೇಕೇ ಬೇಕು.

ನಿಮ್ಮ ಮಗನ ಪ್ರಶ್ನೆಗೂ ಕೋಲ್ಕತ್ತದಲ್ಲೇ ಉತ್ತರವಿದೆ. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇದೇ ಎರಡು ತಂಡಗಳು ಆಡುತ್ತಿದ್ದಾಗ ಗ್ಯಾಲರಿಯಿಂದ ಬಂದ ಕಲ್ಲೊಂದು ಮೋಹನ್ ಬಗಾನಿನ ರಹೀಂ ನಬಿಯ ಮುಖಕ್ಕೆ ಬಡಿಯಿತು. ಮಧ್ಯಂತರದ ನಂತರ ಅವರ ತಂಡ ಆಡಲು ಬರಲೇ ಇಲ್ಲ. ನಾಣ್ಯ ಕಲ್ಲಿಗಿಂತ ಚಿಕ್ಕದು, ಆದರೆ ಎತ್ತರದ ಗ್ಯಾಲರಿಯಿಂದ ಬೀಸಿದರೆ ಕಣ್ಣಿಗೆ ಅಷ್ಟೇ ಸಾಕು.

ಮೂರನೆಯ ಉತ್ತರ:
ಬೇರೆ ಕೂರಿಸುವುದನ್ನು ಒಪ್ಪುತ್ತೇನೆ, ಅಷ್ಟರಿಂದಲೇ ಮುಗಿಯಿತೆಂಬುದನ್ನು ಒಪ್ಪಲಾರೆ. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಮಲಾಂಗ್‌ನಲ್ಲಿ ನಡೆದ ಅರೆಮಾ ಮತ್ತು ಪರ್ಸೆಬಾಯ ಪಂದ್ಯಕ್ಕೆ ಎದುರಾಳಿ ತಂಡದ ಬೆಂಬಲಿಗರನ್ನು ಬಿಟ್ಟಿರಲೇ ಇಲ್ಲ. ಅರೆಮಾ 2-3ರಿಂದ ಸೋತಾಗ ಅವರದೇ ಕೆಲವರು ಮೈದಾನಕ್ಕಿಳಿದರು. ಕ್ರೀಡಾಂಗಣದೊಳಗೆ ಅಶ್ರುವಾಯು ಬಳಸಬಾರದೆಂಬ ಫಿಫಾ ನಿಯಮವಿದ್ದರೂ ಪೊಲೀಸರು ಅದನ್ನು ಕುಳಿತಿದ್ದವರತ್ತಲೂ ಸಿಡಿಸಿದರು. ಕಣ್ಣು ಉರಿದು ಓಡಿದವರು ಇಕ್ಕಟ್ಟಾದ ಬಾಗಿಲುಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. 135 ಮಂದಿ ಸತ್ತರು, ಮಕ್ಕಳೂ ಇದ್ದರು. 1964ರಲ್ಲಿ ಪೆರುವಿನ ಲಿಮಾದಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಬಲಿ ಪಡೆದದ್ದೂ ಅಶ್ರುವಾಯು ಮತ್ತು ಮುಚ್ಚಿದ ಬಾಗಿಲುಗಳೇ.

ಇಂಗ್ಲೆಂಡಿನ ರೋಗವೂ ಪೂರ್ತಿ ವಾಸಿಯಾಗಿಲ್ಲ. 2021ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಯೂರೋ ಕಪ್ ಫೈನಲ್‌ಗೆ ಟಿಕೆಟಿಲ್ಲದವರು ದೊಡ್ಡ ಸಂಖ್ಯೆಯಲ್ಲಿ ಗೇಟು ಒಡೆದು ನುಗ್ಗಿದ್ದರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಬಿಯ ವಿಷಯವನ್ನು ಮಗನಿಗೆ ಓದಿ ಹೇಳಿದೆ. “ಹಾಗಾದರೆ ಆ ಡಬ್ಬದಲ್ಲಿದ್ದ ನಮ್ಮ ಚಿಲ್ಲರೆ ಈಗ ಯಾರ ಹತ್ತಿರ ಇದೆ?” ಎಂದು ಕೇಳಿದ. ನನ್ನ ತಲೆಯಲ್ಲಿರುವುದು ಬೇರೆ: ಅಂದು ನಾವು ಕುಳಿತಿದ್ದ ಸಾಲಿನಿಂದ ಹೊರಹೋಗುವ ಬಾಗಿಲು ಯಾವ ಕಡೆಗಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.