ಹಳೇ .22 ಬೇಟಿ ರೈಫಲ್‌ಗೆ ಪೀಪ್ ಸೈಟ್: ತೂತು ಎಷ್ಟಿರಬೇಕು, ಮುಂದಿನ ಸೈಟ್ ಏನ್ ಮಾಡೋದು?

ಗುಮ್ಮಟನಗರಿ (ವಿಜಯಪುರ):
ನಮಸ್ಕಾರ್ರಿ. ಮನ್ಯಾಗ ಲೈಸೆನ್ಸಿನ ಹಳೇ .22 ಬೋಲ್ಟ್ ರೈಫಲ್ ಅದ. ಮಾಡಿದ್ದು ಬೇಟಿಗಂತ, ಆದ್ರ 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲೆ ಆ ಮಾತು ಮುಗೀತು. ಈಗ ರೇಂಜಿನ್ಯಾಗ 50 ಮೀಟರ್ ಕಾಗದದ ಟಾರ್ಗೆಟ್ ಅಷ್ಟ. ಹಿಂದಿನ ಸೈಟ್ ಬ್ಯಾರಲ್ ಮ್ಯಾಲಿನ ವಿ ಆಕಾರದ್ದು. ನಲವತ್ತೈದು ದಾಟಿದ ಕಣ್ಣಿಗೆ ವಿ ಕಂಡ್ರ ಮುಂದಿನ ಸೈಟಿನ ಕಡ್ಡಿ ಮಸುಕು, ಕಡ್ಡಿ ಕಂಡ್ರ ಟಾರ್ಗೆಟ್ ಮಸುಕು. ರಿಸೀವರ್ (ಬೋಲ್ಟ್ ಕೂಡೋ ಕಬ್ಬಿಣದ ಮೈ) ಮ್ಯಾಲೆ ಸೈಟ್ ಕೂಡ್ಸಾಕ 11 ಮಿ.ಮೀ. ಗ್ರೂವ್ ಅವ. ಪೀಪ್ (ಸಣ್ಣ ತೂತಿನ್ಯಾಗಿಂದ ನೋಡಿ ಗುರಿ ಹಿಡಿಯೋ ಹಿಂದಿನ ಸೈಟ್) ಹಚ್ಚಿದ್ರ ತೂತು ಎಷ್ಟರದು ತಗೋಬೇಕು? ಮುಂದಿನ ಸೈಟ್ ಹಂಗೇ ಬಿಡಬಹುದೇನು? ಚಷ್ಮಾನೂ ಅದ.

ಕ್ಯಾಂಪ್_ರಸ್ತೆ (ಬೆಳಗಾವಿ):
ಹೊರದೇಶದಾಗ ಬೇಟಿ ರೈಫಲ್‌ಗೆ ಹಚ್ಚೋ ಪೀಪಿನ ತೂತು 3ರಿಂದ 5 ಮಿ.ಮೀ., ಅಂಚು ತೆಳ್ಳಗ. ಘೋಸ್ಟ್ ರಿಂಗ್ ಅಂತಾರ. ಮಬ್ಬುಬೆಳಕಿನ್ಯಾಗ, ಓಡೋ ಪ್ರಾಣಿ ಮ್ಯಾಲ ಲಗೂನ ಗುರಿ ಸಿಗಲಿ ಅಂತ ಅಷ್ಟು ದೊಡ್ಡದು. ನಿಮ್ಮ ಕೆಲಸಕ್ಕ ಅದು ಬ್ಯಾಡ. ಹಗಲಿನ್ಯಾಗ ಕಣ್ಣಿನ ಪಾಪೆ ಸುಮಾರು 2ರಿಂದ 4 ಮಿ.ಮೀ. ಇರತೈತಿ, ತೂತು ಅದಕ್ಕಿಂತ ಸಣ್ಣದಿದ್ರ ಮಾತ್ರ ಕಡ್ಡಿ, ಟಾರ್ಗೆಟ್ ಎರಡೂ ಒಮ್ಮೆಗೇ ನಿಚ್ಚಳ ಕಾಣತಾವ. 1.1 ಅಥವಾ 1.2ರಿಂದ ಸುರು ಮಾಡ್ರಿ. 0.9ಕ್ಕಿಂತ ಕೆಳಗ ಹೋದ್ರ ಬೆಳಕು ಸಾಲದ ಎಲ್ಲಾ ಕಪ್ಪಿಡತೈತಿ, ಅಂಚೂ ಮತ್ತ ಮಬ್ಬಾಗತೈತಿ. ಜುಲೈದಾಗ ಬೆಳಗಾವಿ ಮೋಡಕ್ಕ 1.4 ಬೇಕಾದೀತು, ವಿಜಯಪುರದ ಬಿಸಿಲಿಗೆ 1.0 ಸಾಕು. ಅದಕ್ಕ ತಿರುವಿ ಸಣ್ಣ-ದೊಡ್ಡ ಮಾಡೋ ಐರಿಸ್ ಚಲೋ.

ಹಚ್ಚೂಮುಂದ ಬೋಲ್ಟ್ (ಹಿಂದ-ಮುಂದ ಎಳಿಯೋ ಕೊಳವಿ) ತಗದು ಚೇಂಬರ್ (ಗುಂಡು ಕೂಡೋ ಜಾಗ) ಖಾಲಿ ಐತೇನು ನೋಡ್ರಿ. ಗ್ರೂವಿನ್ಯಾಗಿನ ಎಣ್ಣಿ ಸ್ಪಿರಿಟ್ ಹಚ್ಚಿದ ಅರಿವಿಲೆ ಒರಸ್ರಿ, ಇಲ್ಲಂದ್ರ ಸೈಟ್ ಜಾರತೈತಿ. ಎರಡು ಸ್ಕ್ರೂ ಇದ್ರ ಇದಕ್ಕ ಅರ್ಧ ಸುತ್ತು, ಅದಕ್ಕ ಅರ್ಧ ಸುತ್ತು ಹಂಗ ಬಿಗಿ ಮಾಡ್ರಿ. ಆಮ್ಯಾಲ ಬೋಲ್ಟ್ ಹಾಕಿ ಪೂರ್ತಿ ಹಿಂದಕ್ಕ ಎಳೀರಿ. ಭಾಳ ರೈಫಲಿನ್ಯಾಗ ಬೋಲ್ಟಿನ ಬಾಲ ಸೈಟಿನ ಬುಡಕ್ಕ ಬಡಿತೈತಿ. ಬಡದ್ರ ಮುಂದಕ್ಕ ಸರಸ್ರಿ. ಕಣ್ಣಿಂದ ಪೀಪಿಗೆ 5ರಿಂದ 8 ಸೆಂ.ಮೀ. ಇದ್ರ ಸಾಕು.

ಜನ ಮರಿಯೋದು ಗಲ್ಲದ ಜಾಗ. ಹಳೇ ಬಟ್ಟು (ಭುಜಕ್ಕ ಇಡೋ ಹಿಂಭಾಗ) ತಗ್ಗಿನ ವಿ ಸೈಟಿಗೆ ತಕ್ಕಂಗ ಕೆತ್ತಿದ್ದು. ಪೀಪ್ ಎತ್ತರ ಕುಂತ ಕೂಡ್ಲೇ ಗಲ್ಲ ಬಟ್ಟಿನಿಂದ ಮ್ಯಾಲ ಏಳತೈತಿ, ಪ್ರತಿ ಗುಂಡಿಗೂ ಕಣ್ಣು ಬ್ಯಾರೆ ಬ್ಯಾರೆ ಕಡೆ ನಿಲ್ಲತೈತಿ, ಗ್ರೂಪ್ (ಗುಂಡು ಬಿದ್ದ ಗುಂಪು) ಹರಡತೈತಿ. ಸೈಟಿನ ತಪ್ಪಂತ ಬೈತಾರ, ತಪ್ಪು ಅದರದಲ್ಲ. ಬಟ್ಟಿಗೆ ಫೋಮ್ ಇಟ್ಟು ಚರ್ಮದ ಪಟ್ಟಿ ಸುತ್ತಿ ಎತ್ತರಸ್ರಿ.

ನಿಮಗ ಗ್ರೂವ್ ಐತಿ, ಡ್ರಿಲ್ ಕೆಲಸ ಇಲ್ಲ. ಇಲ್ಲದವರು ಮಾತ್ರ ನಮ್ಮ ಬೆಳಗಾವಿ ಉದ್ಯಮಬಾಗದಂಥ ಕಡೆ ಲೇತ್ ಅಂಗಡಿಗೆ ಒಯ್ಯಬ್ಯಾಡ್ರಿ, ಕೈ ಎಷ್ಟೇ ಚಲೋ ಇರ್ಲಿ. 1959ರ ಆಯುಧ ಕಾಯ್ದೆ 5ನೇ ಕಲಂ ಪ್ರಕಾರ ಬಂದೂಕು ರಿಪೇರಿ ಮಾಡೋರಿಗೂ ಲೈಸೆನ್ಸ್ ಬೇಕು.

ಘಟಪ್ರಭಾ_ದಂಡಿ (ಬಾಗಲಕೋಟೆ):
ಮುಂದಿನ ಸೈಟ್ ಹಂಗೇ ಬಿಟ್ರ ಗುಂಡು ಮ್ಯಾಲೆ ಹೋಗತಾವ, ಯಾಕಂದ್ರ ಹಿಂದಿನದು ಎತ್ತರ ಆತು. ಪೀಪಿನ ತಿರುಪು ನಡುಮಟ್ಟಕ್ಕಿಟ್ಟು ಐದು ಗುಂಡು ಹೊಡೀರಿ, ಗ್ರೂಪಿನ ನಡು ಎಷ್ಟು ಮ್ಯಾಲೆ ಬಿತ್ತು ಅಳೀರಿ. 120 ಮಿ.ಮೀ. ಮ್ಯಾಲೆ ಬಿತ್ತು, ಎರಡು ಸೈಟಿನ ನಡುವಿನ ಅಂತರ 600 ಮಿ.ಮೀ. ಅಂತ ಹಿಡೀರಿ: 120 × 600 ÷ 50,000 = 1.44. ಅಂದ್ರ ಮುಂದಿನ ಕಡ್ಡಿ ಒಂದೂವರೆ ಮಿ.ಮೀ. ಎತ್ತರ ಆಗಬೇಕು. ಸ್ವಲ್ಪ ಹೆಚ್ಚೇ ಎತ್ತರದ್ದು ತಂದು ಅರ ಹಾಕಿ ಇಳಿಸ್ಕೊಳ್ರಿ, 0.1 ಮಿ.ಮೀ. ಅರದ್ರ ಗುಂಡು 8 ಮಿ.ಮೀ. ಮ್ಯಾಲೆ ಏರತದ, ಹುಷಾರಿಲೆ ಅರೀಬೇಕು. ಹಳೇ ವಿ ಸೈಟ್ ಮಡಚ್ರಿ ಇಲ್ಲಾ ತಗೀರಿ, ನಡುವ ಅಡ್ಡ ಬರತದ.

ಕಾಗದಕ್ಕಷ್ಟೇ ಅಂದ್ರ ಮುಂದಿನ ಸೈಟಿಗೆ ಕಡ್ಡಿ ಬದ್ಲಿ ರಿಂಗ್ ಹಾಕೋದೇ ಪಾಡ ಅಂತ ನನ್ನ ಅಭಿಪ್ರಾಯ. 50 ಮೀಟರ್ ಟಾರ್ಗೆಟ್ಟಿನ ಕಪ್ಪು ವರ್ತುಲ 112.4 ಮಿ.ಮೀ. ಮುಂದಿನ ಸೈಟ್ ಕಣ್ಣಿಂದ 67 ಸೆಂ.ಮೀ. ಇದ್ರ ಅಲ್ಲಿ ಆ ಕಪ್ಪು 1.5 ಮಿ.ಮೀ. ಅಗಲ ಕಾಣತದ. ರಿಂಗ್ ಅದರ ಎರಡರಷ್ಟು, 3.0ರಿಂದ 3.4 ಇರ್ಲಿ. 2.0 ಹಾಕಿ ಬಿಗಿ ಮಾಡಿದ್ರ ಕಪ್ಪಿನ ಸುತ್ತಿನ ಬಿಳಿ ಬಳಿ ಸಿಗೋದಿಲ್ಲ, ಗುರಿ ಸರಿದದ್ದೂ ಗೊತ್ತಾಗೋದಿಲ್ಲ.

ಕಡ್ಡಿನೇ ಇಟ್ಕೊಂಡ್ರ ಅದರ ಹೊಳಪು ತಗೀರಿ. ದುಂಡು ತುದಿಯ ಕಡ್ಡಿಗೆ ಎಡಗಡಿಂದ ಬಿಸಿಲು ಬಿದ್ರ ಎಡ ಅಂಚು ಮಿಂಚತದ, ಕಣ್ಣು ಆ ಮಿಂಚನ್ನೇ ನಡು ಅಂತ ತಿಳೀತದ, ಗುಂಡು ಬಲಕ್ಕ. ಔಷಧ ಕರ್ಪೂರ: ಬೋಲ್ಟ್ ತಗದಿಟ್ಟು, ಕಡ್ಡಿಯ ಎಣ್ಣಿ ಒರಸಿ, ಸಣ್ಣ ಕರ್ಪೂರ ಹಚ್ಚಿ ಅದರ ಹೊಗಿಗೆ ಹಿಡೀರಿ. ಬೆಂಕಿ ತಾಗದಂಗ, ಹೊಗಿ ಅಷ್ಟೇ. ಗಟ್ಟಿ ಕಪ್ಪು ಮಸಿ ಕೂಡತದ. ಬೆರಳು ತಾಗಿದ್ರ ಹೋತು, ರೇಂಜಿಗೆ ಹೋಗಿ ಹಚ್ರಿ.

ಗುಮ್ಮಟನಗರಿ:
ಭಾಳ ಉಪಕಾರ ಆತ್ರಿ ಅಣ್ಣಾರ. ನೋಡಿದ ಪೀಪ್ ಜರ್ಮನಿದು. ತಿರುಪಿನ ಮ್ಯಾಲೆ ಎಚ್, ಟಿ ಅಂತ ಅಕ್ಷರ ಅವ. ಗುಂಡು ಮ್ಯಾಲೆ ಹೋದ್ರ ಯಾ ಕಡೆ ತಿರುವಬೇಕು?

ಕ್ಯಾಂಪ್_ರಸ್ತೆ:
ಎಚ್ ಅಂದ್ರ ಮ್ಯಾಲ, ಟಿ ಅಂದ್ರ ಕೆಳಗ. ಜರ್ಮನ್ ಟಾರ್ಗೆಟ್ ಸೈಟಿನ್ಯಾಗ ಅಕ್ಷರ ಹೇಳೋದು ಗುಂಡು ಎಲ್ಲಿ ಬಿದ್ದೈತಿ ಅಂತ. ಮ್ಯಾಲ ಬಿದ್ರ ಎಚ್ ಕಡೆ ತಿರುವ್ರಿ, ಗುಂಡು ಇಳಿತೈತಿ. ಅಮೆರಿಕದ ಸೈಟ್ ಉಲ್ಟಾ: ಅಪ್ ಅಂತ ಬಾಣ ಇದ್ದ ಕಡೆ ತಿರುವಿದ್ರ ಗುಂಡು ಏರತೈತಿ. ಅನುಮಾನ ಇದ್ರ ತಿರುವಿ ಪೀಪ್ ಏರ್ತೋ ಇಳೀತೋ ನೋಡ್ರಿ. ಹಿಂದಿನ ಸೈಟ್ ಹೋದ ಕಡೇನೇ ಗುಂಡು ಹೋಗತೈತಿ, ಮುಂದಿನದಾದ್ರ ಅದಕ್ಕ ವಿರುದ್ಧ. ಕಾಲು ಮಿನಿಟಿನ (ಕೋನದ ಮಿನಿಟು, ಡಿಗ್ರಿಯ 60ನೇ ಒಂದು ಪಾಲು) ಕ್ಲಿಕ್ ಇದ್ರ 50 ಮೀಟರ್‌ಗೆ ಒಂದು ಕ್ಲಿಕ್ 3.6 ಮಿ.ಮೀ. ಒಂದೇ ಗುಂಡು ನೋಡಿ ತಿರುವಬ್ಯಾಡ್ರಿ, ಐದರ ಗ್ರೂಪ್ ನೋಡ್ರಿ.

ಕೃಷ್ಣಾ_ಕಣಿವೆ (ಬಾಗಲಕೋಟೆ):
ಚಷ್ಮಾದ ಮಾತು ಯಾರೂ ಎತ್ತಲಿಲ್ಲ. ಬೈಫೋಕಲ್, ಪ್ರೊಗ್ರೆಸ್ಸಿವ್ ಎರಡೂ ಬ್ಯಾಡ. ತಲಿ ಸ್ವಲ್ಪ ವಾಲಿದ್ರೂ ನಂಬರ್ ಬದಲಾಗತದ. ಗುರಿ ಹಿಡಿಯೋ ಕಣ್ಣಿಗೆ ದೂರದ ನಂಬರಿಗೆ +0.50 ಕೂಡಿಸಿ ಒಂಟಿ ನಂಬರಿನ ಗ್ಲಾಸ್ ಮಾಡಸ್ರಿ. ದೂರದ್ದು −1.50 ಇದ್ರ −1.00 ಆತು. ಮುಂದಿನ ಸೈಟ್ ಚೊಕ್ಕ ಕಾಣತದ, ಟಾರ್ಗೆಟ್ ಒಂಚೂರು ಮೆತ್ತಗ ಕಂಡ್ರ ಕಂಡೀತು. ಮಲಗಿ ಹೊಡಿಯೂಮುಂದ ಗ್ಲಾಸಿನ ಮ್ಯಾಲಿನ ಮೂಲಿಯಿಂದ ನೋಡಿದ್ರ ಗುರಿ ಸರಿತದ, ಚಷ್ಮಾ ಮೂಗಿನ ಮ್ಯಾಲೆ ಎತ್ತರಿಸಿ ನಟ್ಟನಡುವಿಂದ ನೋಡ್ರಿ. ಇನ್ನೊಂದು ಕಣ್ಣು ಮುಚ್ಚಬ್ಯಾಡ್ರಿ, ಆ ಕಡೆ ಗ್ಲಾಸಿಗೆ ಅರಪಾರದರ್ಶಕ ಟೇಪ್ ಅಂಟಿಸಿದ್ರ ಸಾಕು.