ಗ್ರೀನ್ ಮಣ್ಣಿನ ನೈಟ್ರೇಟ್ ಒಮ್ಮೆ 22, ಒಮ್ಮೆ 5, ಒಮ್ಮೆ ಸೊನ್ನೆ: ಯಾವುದನ್ನು ನಂಬಲಿ?

ಗರಿಕೆ:
ಒಂಬತ್ತು ಕುಳಿಗಳ ಗಾಲ್ಫ್ ಮೈದಾನದ ಹುಲ್ಲು ನನ್ನ ಜವಾಬ್ದಾರಿ. ಗ್ರೀನ್‌ಗಳೆಲ್ಲ (ಕುಳಿಯ ಸುತ್ತ ಚೆಂಡು ಉರುಳಿಸುವ ನುಣುಪು ಹುಲ್ಲಿನ ತಾಣಗಳು) ಮರಳಿನ ತಳದವು, ಹುಲ್ಲು ಬೆಂಟ್‌ಗ್ರಾಸ್. ಒಂದೇ ಗ್ರೀನ್‌ನ ಮಣ್ಣನ್ನು ಎರಡು ಪಾಲು ಮಾಡಿ ಪರೀಕ್ಷಿಸಿದೆ. ಬೆರೆಸಿದ ನೀರಿನ ಲೆಕ್ಕ ಸೇರಿಸಿಯೂ ನೈಟ್ರೇಟ್ ಅಳೆಯುವ ಬಣ್ಣದ ಪಟ್ಟಿ 22 ಪಿಪಿಎಂ (ಹತ್ತು ಲಕ್ಷ ಪಾಲಿಗೆ 22) ತೋರಿಸಿತು. ಪ್ರಯೋಗಾಲಯದ ವರದಿಯಲ್ಲಿ ಬರೀ 5. ಎರಡು ದಿನ ಮಳೆ ಸುರಿದ ಮೇಲೆ ಪಟ್ಟಿಗೆ ಬಣ್ಣವೇ ಏರಲಿಲ್ಲ. ಗಾಬರಿಯಾಗಿ ಯೂರಿಯಾ ಸಿಂಪಡಿಸಿದೆ. ಮರುದಿನವೂ ಸೊನ್ನೆ, ಮತ್ತೆ ಸಿಂಪಡಿಸಿದೆ. ಈಗ ಹುಲ್ಲು ಹಾಸಿಗೆಯಂತೆ ಮೆತ್ತಗಾಗಿ ಚೆಂಡು ಉರುಳುತ್ತಿಲ್ಲ. ಆರನೆಯ ಗ್ರೀನ್ ಮಾತ್ರ ಎಷ್ಟು ಉಣಿಸಿದರೂ ಹಳದಿ.

ಹಳೆಗುದ್ದಲಿ:
ಮೊದಲು ಸಮಾಧಾನದ ಮಾತು: 22 ಮತ್ತು 5 ಒಂದೇ ಸಂಖ್ಯೆ. ನಿಮ್ಮ ಪಟ್ಟಿ ಆಮ್ಲಜನಕವೂ ಸೇರಿದ ಇಡೀ ನೈಟ್ರೇಟಿನ ತೂಕ ಹೇಳುತ್ತದೆ, ಪ್ರಯೋಗಾಲಯ ಅದರೊಳಗಿನ ಸಾರಜನಕವನ್ನಷ್ಟೇ ಹೇಳುತ್ತದೆ. 22ನ್ನು 4.43ರಿಂದ ಭಾಗಿಸಿ ನೋಡಿ. ಈ ಗುಂಡಿಗೆ ನಾನೂ ಒಮ್ಮೆ ಬಿದ್ದವನೇ.

ಮಳೆಯ ನಂತರದ ಸೊನ್ನೆ ಬಹುಶಃ ನಿಜ. ನೈಟ್ರೇಟಿಗೆ ಋಣ ವಿದ್ಯುದಂಶ. ಮರಳು ಅದನ್ನು ಹಿಡಿದಿಡುವುದಿಲ್ಲ, ನೀರಿನೊಡನೆ ಕೆಳಗಿಳಿಯುತ್ತದೆ. ಆದರೆ ಯೂರಿಯಾ ಹಾಕಿದ ಮರುದಿನದ ಸೊನ್ನೆಗೆ ಅರ್ಥವಿಲ್ಲ. ಯೂರಿಯಾ ಮೊದಲು ಅಮೋನಿಯಂ ಆಗಬೇಕು, ಬಳಿಕ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡಬೇಕು. ಪಟ್ಟಿ ಕೊನೆಯದನ್ನು ಮಾತ್ರ ಕಾಣುತ್ತದೆ. ಹುಲ್ಲಾದರೋ ಅಷ್ಟು ಕಾಯುವುದಿಲ್ಲ: ಯೂರಿಯಾವನ್ನು ಎಲೆಯಿಂದಲೇ ಹೀರುತ್ತದೆ, ಅಮೋನಿಯಂ ಅನ್ನೂ ಬಿಡುವುದಿಲ್ಲ. ಹಸಿದ ಮಗುವಿನ ತಟ್ಟೆ ಖಾಲಿಯಿದೆ ಎಂದರೆ ಊಟ ಹಾಕಿಲ್ಲ ಎಂದಲ್ಲ, ಉಂಡು ಮುಗಿಸಿದೆ ಎಂದೂ ಇರಬಹುದು.

ಮಣ್ಣಿನ ಸಾರಜನಕದ ಬಹುಪಾಲು ಸಾವಯವ ರೂಪದಲ್ಲಿ ಅಡಗಿರುತ್ತದೆ. ಬೆಚ್ಚಗಿನ ತೇವದಲ್ಲಿ ಅದು ಬಿಡುಗಡೆಯಾಗುತ್ತಲೇ ಇರುತ್ತದೆ. ಅಂದಹಾಗೆ, ಮಾದರಿಯನ್ನು ಹೇಗೆ ಕಳುಹಿಸಿದಿರಿ?

ಗರಿಕೆ:
ಆ ಮೊದಲ ಮಾದರಿಯನ್ನು ತಣ್ಣಗಿಟ್ಟು ಅಂದೇ ತಲುಪಿಸಿದ್ದೆ. ಮೂರನೆಯ ಗ್ರೀನ್‌ನ ಹಸಿಮಣ್ಣು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಎರಡು ದಿನ ಕಾರಿನಲ್ಲೇ ಉಳಿಯಿತು. ಅದರ ವರದಿ 14.

ಹಳೆಗುದ್ದಲಿ:
ಆ ವರದಿಯನ್ನು ಮಡಚಿ ಬದಿಗಿಡಿ. ಚೀಲದೊಳಗೂ ಸೂಕ್ಷ್ಮಜೀವಿಗಳು ದುಡಿಯುತ್ತಿದ್ದವು, ಹೀರಲು ಬೇರುಗಳಿರಲಿಲ್ಲ. ಪ್ರತಿ ಗ್ರೀನ್‌ನಿಂದ 15–20 ಕಡೆ, 10 ಸೆಂಟಿಮೀಟರ್ ಆಳಕ್ಕೆ ತೆಗೆದು ಬೆರೆಸಿ. ಕೂಡಲೇ ತಣ್ಣಗಿಡಿ, ಇಲ್ಲವೇ ತೆಳ್ಳಗೆ ಹರಡಿ ಒಣಗಿಸಿ.

ಮರಳುಗಡಿಯಾರ:
ಆರನೆಯದರ ಕಥೆ ಬೇರೆ ಇರಬೇಕು. ಅದರ ವರದಿಯಲ್ಲಿ ಅಮೋನಿಯಂ ಎಷ್ಟಿದೆ? ಕುಳಿ ಕೊರೆಯುವ ಸಾಧನದಿಂದ ಒಂದು ತುಂಡು ಮೇಲೆತ್ತಿ, ಮೂಸಿ ನೋಡಿ.

ಗರಿಕೆ:
ನೈಟ್ರೇಟ್ ಸಾರಜನಕ 1ಕ್ಕಿಂತ ಕಡಿಮೆ, ಅಮೋನಿಯಂ ಸಾರಜನಕ 12. ಮೇಲಿನಿಂದ ಆರು ಸೆಂಟಿಮೀಟರ್ ಕೆಳಗೆ ಕಪ್ಪು ಪದರ, ಕೊಳೆತ ಮೊಟ್ಟೆಯ ವಾಸನೆ. ಬೇರುಗಳು ಅಲ್ಲಿಗೇ ನಿಂತಿವೆ.

ಮರಳುಗಡಿಯಾರ:
ಅಲ್ಲಿಗೆ ಪತ್ತೆಯಾಯಿತು. ಆ ಪದರದಲ್ಲಿ ಗಾಳಿಯಿಲ್ಲ. ಗಾಳಿಯಿಲ್ಲದೆ ಅಮೋನಿಯಂ ನೈಟ್ರೇಟ್ ಆಗುವುದಿಲ್ಲ, ಇದ್ದ ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ. ಅಲ್ಲಿ ಸಾರಜನಕಕ್ಕೆ ಬರವಿಲ್ಲ, ಬೇರಿಗೆ ಉಸಿರಿಲ್ಲ. ಟೊಳ್ಳು ಮೊಳೆಗಳಿಂದ ರಂಧ್ರ ಮಾಡಿ ಮರಳು ತುಂಬಿ, ನೀರು ತಗ್ಗಿಸಿ, ಕೆಳಗಿನ ಬಸಿಗೊಳವೆ ಕಟ್ಟಿಕೊಂಡಿದೆಯೇ ನೋಡಿ. ಯೂರಿಯಾ ಅಲ್ಲಿಗೆ ಸದ್ಯ ಬೇಡ.

ಹಳೆಗುದ್ದಲಿ:
ಉಳಿದ ಗ್ರೀನ್‌ಗಳಿಗೂ ಬೆಳವಣಿಗೆ ಇಳಿಯುವ ತನಕ ಉಪವಾಸ. ಆಮೇಲೆ ಚದರ ಮೀಟರಿಗೆ 0.5 ಗ್ರಾಂ ಸಾರಜನಕದ ಸಣ್ಣ ತುತ್ತು ಸಾಕು. 500 ಚದರ ಮೀಟರಿನ ಗ್ರೀನ್‌ಗೆ ಸುಮಾರು 540 ಗ್ರಾಂ ಯೂರಿಯಾ. ಮುಂದಿನ ತುತ್ತು ಯಾವಾಗ ಎಂಬುದನ್ನು ಮಣ್ಣಿಗಿಂತ ಕತ್ತರಿಸುವ ಯಂತ್ರದ ಬುಟ್ಟಿ ಚೆನ್ನಾಗಿ ಹೇಳುತ್ತದೆ. ಪ್ರತಿ ಬಾರಿ ಬುಟ್ಟಿಯಲ್ಲಿ ಎಷ್ಟು ಲೀಟರ್ ಹುಲ್ಲು ಬಂತೆಂದು ಬರೆದಿಡಿ.

ಗರಿಕೆ:
ಹಾಗಾದರೆ ಪಟ್ಟಿಗಳ ಡಬ್ಬಿಯನ್ನು ಎಸೆಯಲೇ?

ಹಳೆಗುದ್ದಲಿ:
ಬೇಡ, ಹುಲ್ಲಿಗೆ ಹಾಯಿಸುವ ಕೊಳದ ನೀರಿಗೆ ಅದ್ದಿ. ಪಟ್ಟಿ 44 ತೋರಿಸಿದರೆ ಸಾರಜನಕ ಸುಮಾರು 10 ಪಿಪಿಎಂ. 25 ಮಿಲಿಮೀಟರ್ ನೀರು ಹಾಯಿಸಿದಾಗ ಚದರ ಮೀಟರಿಗೆ 0.25 ಗ್ರಾಂ ಸಾರಜನಕ ಬಿತ್ತು, ಅಂದರೆ ಅರ್ಧ ತುತ್ತು. ಇದನ್ನು ನೀವು ಇದುವರೆಗೆ ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ.