ಕಾಡಿನ ಕಬ್ಬಿಣ ಕಡಲನ್ನು ಮುಟ್ಟುವುದು ಹೇಗೆ? ಅಳಿವೆಯಲ್ಲೇ ಅದು ತಳ ಸೇರುವುದಿಲ್ಲವೇ?

ತೋಟದಬಾವಿ ಕೇಳಿದ ಪ್ರಶ್ನೆ:

ಜಪಾನಿನ ಕೆಸೆನ್ನುಮಾ ಕೊಲ್ಲಿಯಲ್ಲಿ ಸಿಂಪಿ ಸಾಕುತ್ತಿದ್ದ ಶಿಗೆಯಾತ್ಸು ಹತಕೆಯಾಮಾ ಅವರು 1989ರಲ್ಲಿ ತಮ್ಮ ಸಂಗಡಿಗರೊಂದಿಗೆ ಮುರೋನೆ ಬೆಟ್ಟದಲ್ಲಿ ಅಗಲ ಎಲೆಯ ಮರಗಳನ್ನು ನೆಡಲು ಆರಂಭಿಸಿದರು. ಅವರ ಕೊಲ್ಲಿಗೆ ನೀರುಣಿಸುವ ಓಕಾವಾ ನದಿಯ ಮೇಲ್ಭಾಗ ಆ ಬೆಟ್ಟ. ತರಗೆಲೆ ಕೊಳೆತಾಗ ಹುಟ್ಟುವ ಸಾವಯವ ದ್ರವ್ಯವು ಕಬ್ಬಿಣವನ್ನು ಹೊತ್ತು ತಂದು, ಸಿಂಪಿಗಳ ಆಹಾರವಾದ ಸಸ್ಯಪ್ಲವಕಗಳಿಗೆ (ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಸಸ್ಯಜೀವಿಗಳಿಗೆ) ಒದಗಿಸುತ್ತದೆ ಎಂಬ ವಿವರಣೆಯನ್ನು ಓದಿದ್ದೇನೆ.

ನನ್ನ ತೊಡಕು ಇಷ್ಟು. ಹೊನ್ನಾವರದ ಕಡೆಯ ನಮ್ಮ ತೋಟದ ಬೋರ್‌ವೆಲ್ ನೀರು ಕೊಡಕ್ಕೆ ಬೀಳುವಾಗ ತಿಳಿಯಾಗಿಯೇ ಇರುತ್ತದೆ. ಸಂಜೆಯ ಹೊತ್ತಿಗೆ ಕೊಡದ ತಳದಲ್ಲಿ ಕೆಂಪು ಗಸಿ ಕೂತಿರುತ್ತದೆ. ಒಂದು ಕೊಡದಲ್ಲಿ ಅರ್ಧ ದಿನ ನಿಲ್ಲದ ಕಬ್ಬಿಣ ನದಿಯಲ್ಲಿ ಅಷ್ಟು ದೂರ ಹೇಗೆ ಸಾಗುತ್ತದೆ? ಮೇಲಾಗಿ, ಸಿಹಿನೀರು ಉಪ್ಪುನೀರನ್ನು ಕೂಡುವಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಬ್ಬಿಣ ತಳ ಸೇರುತ್ತದೆ ಎಂದೂ ಓದಿದೆ. ಇವೆರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ನೆಲಜಲ ಬರೆದ ಉತ್ತರ:

ತಮ್ಮ ಕೊಡದಲ್ಲೇ ಅರ್ಧ ಉತ್ತರವಿದೆ. ನೆಲದಾಳದಲ್ಲಿ ಆಮ್ಲಜನಕ ಇಲ್ಲದಿರುವುದರಿಂದ ಕಬ್ಬಿಣವು ಫೆರಸ್ ರೂಪದಲ್ಲಿ, ನೀರಿನಲ್ಲಿ ಸುಲಭವಾಗಿ ಕರಗಿರುತ್ತದೆ. ಗಾಳಿ ತಾಗಿದೊಡನೆ ಅದು ಫೆರಿಕ್ ರೂಪಕ್ಕೆ ತಿರುಗಿ, ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಆಗಿ ಗಸಿಗಟ್ಟುತ್ತದೆ. ಆ ನೀರಿನಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ.

ಕಾಡಿನ ನೀರಿನಲ್ಲಿ ಅದು ಇದೆ. ಎಲೆ, ತೊಗಟೆ, ಬೇರು ಕೊಳೆತು ಉಳಿಯುವ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳೇ ಕೆಲವು ಹಳ್ಳಗಳ ನೀರಿಗೆ ಚಹಾದಂಥ ಬಣ್ಣ ಕೊಡುವುದು. ಈ ಅಣುಗಳ ಮೈಮೇಲಿರುವ ಕಾರ್ಬಾಕ್ಸಿಲ್ ಮತ್ತು ಫೀನಾಲ್ ಗುಂಪುಗಳು ಕಬ್ಬಿಣದ ಅಯಾನನ್ನು ಹಲವು ಕಡೆಗಳಿಂದ ಹಿಡಿದುಕೊಳ್ಳುವುದರಿಂದ ಅದು ಗಸಿಯಾಗಿ ಬೀಳದೆ ನೀರಿನಲ್ಲಿ ಉಳಿಯುತ್ತದೆ. ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗುವುದನ್ನು ತಾವು ಕಂಡಿರುತ್ತೀರಿ. ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೂ ಹಾಗೆಯೇ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಇವೆಲ್ಲ ಗಿಡದ ಒಗರು ಕಬ್ಬಿಣವನ್ನು ಹಿಡಿದುದರ ಗುರುತುಗಳು, ಮತ್ತು ಕಾಡಿನ ಹಳ್ಳದಲ್ಲಿ ನಡೆಯುವುದೂ ಇದೇ ಜಾತಿಯ ಹಿಡಿತ.

ಇನ್ನು ಅಳಿವೆಯ ಮಾತು. ಕಬ್ಬಿಣ ಹೊತ್ತ ದ್ರವ್ಯದ ಬಹುಪಾಲು ಅತಿಸೂಕ್ಷ್ಮ ಕಣಗಳ ರೂಪದಲ್ಲಿರುತ್ತದೆ. ಅವುಗಳಿಗೆಲ್ಲ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ ನೀರಿನಲ್ಲಿ ತೇಲುತ್ತವೆ. ಉಪ್ಪುನೀರಿನ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಆ ವಿದ್ಯುದಂಶವನ್ನು ತಣಿಸಿದಾಗ, ನಿಂಬೆರಸ ಬಿದ್ದ ಹಾಲಿನಂತೆ ಅವು ಗಟ್ಟಿಗಟ್ಟಿಯಾಗಿ ಕೂಡಿಕೊಂಡು ತಳಕ್ಕಿಳಿಯುತ್ತವೆ. ಹಾಗಾಗಿ ತಾವು ಓದಿದ ಎರಡನೆಯ ಮಾತೂ ನಿಜವೇ.

ಆದರೆ ಉಳಿಯುವ ಪಾಲನ್ನು ಕಡಲಿನ ಲೆಕ್ಕದಲ್ಲಿ ಅಳೆಯಬೇಕು. ಉದಾಹರಣೆಗೆ, ಒಂದು ಲೀಟರ್ ನದಿನೀರಿನಲ್ಲಿ 500 ಮೈಕ್ರೋಗ್ರಾಂ ಕಬ್ಬಿಣವಿದ್ದು ಅದರಲ್ಲಿ ಶೇ. 95ರಷ್ಟು ಬಿದ್ದುಹೋಯಿತೆಂದುಕೊಳ್ಳಿ, 25 ಮೈಕ್ರೋಗ್ರಾಂ ಉಳಿಯಿತು. ಉತ್ತರ ಪೆಸಿಫಿಕ್‌ನ ಕಬ್ಬಿಣದ ಕೊರತೆಯಿರುವ ಮೇಲ್ನೀರಿನಲ್ಲಿ ಲೀಟರಿಗೆ ಒಂದು ಮೈಕ್ರೋಗ್ರಾಮಿನ ನೂರರಲ್ಲೊಂದು ಭಾಗವೂ ಇರುವುದಿಲ್ಲ. ಎಂದರೆ ಉಳಿದದ್ದು ಅದರ ಎರಡೂವರೆ ಸಾವಿರ ಪಟ್ಟಿಗೂ ಮಿಗಿಲು. ಎಲ್ಲ ನದಿಗಳಲ್ಲೂ ನಷ್ಟ ಒಂದೇ ಸಮನಾಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು: ಸ್ಕಾಟ್ಲೆಂಡಿನ ಉತ್ತರದಲ್ಲಿ ಪೀಟ್ (ಅರೆಕೊಳೆತ ಸಸ್ಯಗಳ ಪದರ) ತುಂಬಿದ ಜೌಗಿನಿಂದ ಹರಿದು ಬರುವ ಹೊಳೆಗಳ ಕಬ್ಬಿಣದಲ್ಲಿ ಬೇರೆ ನದಿಗಳದ್ದಕ್ಕಿಂತ ಹೆಚ್ಚಿನ ಪಾಲು ಉಪ್ಪುನೀರನ್ನು ದಾಟಿ ಉಳಿಯುತ್ತದೆ, ಏಕೆಂದರೆ ಅಲ್ಲಿ ಹಿಡಿದುಕೊಳ್ಳುವ ಅಣುಗಳು ಹೇರಳವಾಗಿವೆ ಮತ್ತು ಅವುಗಳಲ್ಲಿ ಚಿಕ್ಕವು ಗಟ್ಟಿಕಟ್ಟುವುದಿಲ್ಲ.

ಉತ್ತರದಿಕ್ಕು ಬರೆದ ಉತ್ತರ:

ಮೇಲಿನ ವಿವರಣೆಗೆ ಅಮೂರ್ ನದಿಯ ಸಂಗತಿಯನ್ನು ಸೇರಿಸಬಯಸುತ್ತೇನೆ. ಮಂಗೋಲಿಯಾ, ಚೀನಾ, ರಷ್ಯಾಗಳ 18 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶದ ನೀರನ್ನು ಈ ನದಿ ಒಖೋಟ್‌ಸ್ಕ್ ಸಮುದ್ರಕ್ಕೆ ತಲುಪಿಸುತ್ತದೆ. ಕ್ಯೋಟೋದ ಸಂಶೋಧನಾ ಸಂಸ್ಥೆಯೊಂದು 2005ರಿಂದ ಕೆಲವು ವರ್ಷ ಇತರರೊಡನೆ ಸೇರಿ ಇದನ್ನು ಅಭ್ಯಾಸ ಮಾಡಿದಾಗ, ನದಿಗೆ ಕರಗಿದ ಕಬ್ಬಿಣ ಕೊಡುವುದರಲ್ಲಿ ಒಣನೆಲದ ಕಾಡಿಗಿಂತ ಜೌಗುನೆಲಗಳ ಪಾತ್ರ ದೊಡ್ಡದು ಎಂಬುದು ಕಂಡುಬಂತು. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದು ಕಬ್ಬಿಣ ಕರಗುತ್ತದೆ. ಅದನ್ನು ಹಿಡಿದುಕೊಳ್ಳುವ ಸಾವಯವ ದ್ರವ್ಯವೂ ಅಲ್ಲಿಯೇ ಸಿದ್ಧವಿರುತ್ತದೆ. ಚೀನಾದ ಸಾನ್‌ಜಿಯಾಂಗ್ ಬಯಲಿನ ಜೌಗನ್ನು 1950ರ ದಶಕದಿಂದ ಬಸಿದು ಹೊಲಗದ್ದೆ ಮಾಡಿದ್ದು ಕಡಲಿನವರಿಗೂ ಸಂಬಂಧಿಸಿದ ವಿಷಯವಾದುದು ಹೀಗೆ. ಕಾಡಿನ ಮಾತಾಡುವಾಗ ಜೌಗನ್ನು ಮರೆಯುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಅಳಿವೆಯಲ್ಲಿ ತಳ ಸೇರಿದ ಕಬ್ಬಿಣದ ಪಯಣವೂ ಅಲ್ಲಿಗೆ ಮುಗಿಯುವುದಿಲ್ಲ. ಒಖೋಟ್‌ಸ್ಕ್‌ನಲ್ಲಿ ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟುವಾಗ ಹಿಮದಿಂದ ಹೊರಬಿದ್ದ ಉಪ್ಪು ಸೇರಿ ಭಾರವಾದ ನೀರು ತಳಕ್ಕಿಳಿಯುತ್ತದೆ, ವಾಯವ್ಯ ಭಾಗದ ಆಳವಿಲ್ಲದ ತಳದ ಕಬ್ಬಿಣವನ್ನು ಎತ್ತಿಕೊಂಡು ನಡುವಣ ಆಳದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಮತ್ತು ಕುರಿಲ್ ದ್ವೀಪಗಳ ನಡುವಿನ ಜಲಸಂಧಿಗಳನ್ನು ದಾಟಿ ಪೆಸಿಫಿಕ್ ಸೇರುತ್ತದೆ. ಅಲ್ಲಿ ನೈಟ್ರೇಟ್ ಸಾಕಷ್ಟಿದ್ದರೂ ಕಬ್ಬಿಣವಿಲ್ಲದೆ ಸಸ್ಯಪ್ಲವಕಗಳು ಅದನ್ನು ಬಳಸಿಕೊಳ್ಳಲಾರವು.

ತೋಟದಬಾವಿ:

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಶರಾವತಿ, ಅಘನಾಶಿನಿಗಳ ಮಟ್ಟಿಗೂ ಇದೇ ಮಾತು ಹೇಳಬಹುದೇ? ನಮ್ಮ ಗದ್ದೆಯಂಚಿನ ಒರತೆಯ ಮೇಲೆ ಕಾಣುವ ಎಣ್ಣೆಯಂಥ ಪೊರೆಗೂ ಇದಕ್ಕೂ ಸಂಬಂಧವಿದೆಯೇ?

ನೆಲಜಲ:

ನೇರವಾಗಿ ಹೇಳಲಾಗದು. ಎಲೆಯ ಕೊಳೆತ, ಕಬ್ಬಿಣ ತುಂಬಿದ ಕೆಂಪು ಜಂಬಿಟ್ಟಿಗೆ ನೆಲ, ಭಾರೀ ಮಳೆ ಮೂರೂ ನಮ್ಮ ಘಟ್ಟದಲ್ಲಿವೆ, ನಿಜ. ಆದರೆ ಅರಬ್ಬಿ ಸಮುದ್ರಕ್ಕೆ ಪಶ್ಚಿಮದ ಮರುಭೂಮಿಗಳ ಧೂಳಿನಿಂದಲೂ ಕಬ್ಬಿಣ ಸಿಗುತ್ತದೆ, ಮತ್ತು ಮುಂಗಾರಿನಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ಕರಾವಳಿಯತ್ತ ಮೇಲೇಳುವಾಗ ತಳದ ಕೆಸರಿನಿಂದಲೂ ಅದು ಹೊರಬರಬಲ್ಲದು. ಆದ್ದರಿಂದ ಇಲ್ಲಿ ಮೀನು ಕಡಿಮೆಯಾದರೆ ಅದನ್ನು ಕಬ್ಬಿಣದ ಕೊರತೆಯ ತಲೆಗೆ ಕಟ್ಟುವುದು ಸರಿಯಲ್ಲ.

ಪೊರೆಯ ವಿಷಯದಲ್ಲಿ ಸಂಬಂಧ ಖಂಡಿತ ಇದೆ. ಒರತೆಯ ಫೆರಸ್ ಕಬ್ಬಿಣ ಗಾಳಿ ಕಾಣುವಲ್ಲಿ ಕಬ್ಬಿಣದ ಬ್ಯಾಕ್ಟೀರಿಯಾಗಳು ಬೆಳೆದು, ನೀರಿನ ಮೇಲೆ ಆ ಬಣ್ಣಬಣ್ಣದ ತೆಳುಪೊರೆ ಹರಡುತ್ತದೆ. ಒಂದು ಕಡ್ಡಿಯಿಂದ ಕಲಕಿ ನೋಡಿ: ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಇದು ಒಡೆದ ಗಾಜಿನಂತೆ ಚೂರುಚೂರಾಗಿಯೇ ಉಳಿಯುತ್ತದೆ.